ಹಿಪ್ಪರಗಿ ಬಂದರೆ ಬಾಯಿ ಮುಚ್ಚುವ ಶಿವಲೀಲಾ

ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಬೆಳಿಗ್ಗೆ ಏಳೂಕಾಲಿಗೆ ಬಿಡುವ ಬಸ್ಸಿನಲ್ಲಿ ಹದಿಮೂರು ವರ್ಷ ಓಡಾಡಿದವಳು ನಾನು. ಆ ಬಸ್ಸಿನ ಕಂಡಕ್ಟರ್ ಶಿವಲೀಲಾಳ ದನಿ ಇಂಜಿನ್ನಿನ ಸದ್ದನ್ನೂ ಮೀರಿಸುತ್ತಿತ್ತು. ಸುಳ್ಳಲ್ಲ, ಡ್ರೈವರೇ ಎಷ್ಟೋ ಸಲ ಹಿಂದೆ ಹೊರಳಿ, "ಯವ್ವಾ, ಗೇರ್ ಬಿದ್ದದ್ದು ಕೇಳಸವಲ್ದು, ಒಂಚೂರು ಸಣ್ಣಾಗ ಮಾತಾಡ" ಎಂದು ಕೈ ಮುಗಿಯುತ್ತಿದ್ದ. ಯಾರ ಮನೆಯಲ್ಲಿ ಎಮ್ಮೆ ಈಯಿತು, ಯಾರ ಸೊಸೆ ತವರಿಗೆ ಹೋಗಿ ಇನ್ನೂ ಬಂದಿಲ್ಲ, ಈ ಸಲ ತೊಗರಿಗೆ ಹುಳ ಬಿತ್ತೋ ಇಲ್ಲವೋ, ಎಲ್ಲವೂ ಆಕೆಗೆ ಬೇಕು. ಕೇಳುವುದೂ ಆಕೆಯೇ, ಉತ್ತರ ಹೇಳುವುದೂ ಬಹುಪಾಲು ಆಕೆಯೇ. ಹೂವಿನ ಹಿಪ್ಪರಗಿ ಇನ್ನೂ ಅರ್ಧ ಮೈಲಿ ಇದೆ ಎನ್ನುವಾಗ ಮಾತು ಇನ್ನಷ್ಟು ಜೋರಾಗುತ್ತಿತ್ತು, ಉಳಿದದ್ದನ್ನೆಲ್ಲ ಅಷ್ಟರೊಳಗೆ ಮುಗಿಸಬೇಕೆನ್ನುವ ಹಾಗೆ. ಹಿಪ್ಪರಗಿ ಸ್ಟಾಪಿನಲ್ಲಿ ಬಸ್ಸು ನಿಂತ ಕೂಡಲೇ ಆ ಬಾಯಿ ಪಕ್ಕನೆ ಮುಚ್ಚಿಬಿಡುತ್ತಿತ್ತು.

ಆಕೆಯ ಮನೆ ಹಿಪ್ಪರಗಿಯಲ್ಲೇ, ಅಲ್ಲಿ ಹತ್ತುತ್ತಿದ್ದವಳು ಆಕೆಯ ಮಗಳು ಸೃಷ್ಟಿ. ನೀಲಿ ಯೂನಿಫಾರ್ಮು, ಎರಡು ಜಡೆ, ಮೈಗಿಂತ ದೊಡ್ಡ ಬ್ಯಾಗು. ಶಿವಲೀಲಾ ಕೈ ನೀಡಿ ಮಗಳನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದಳು, ನನ್ನ ಪಕ್ಕದ ಸೀಟಿಗೆ ಬೆರಳು ತೋರಿಸಿ "ಸಿಟ್" ಎನ್ನುತ್ತಿದ್ದಳು. ಅಷ್ಟೇ. ಅಲ್ಲಿಂದ ಬಾಗೇವಾಡಿಯವರೆಗೆ ಕನ್ನಡದ ಒಂದಕ್ಷರ ಆಕೆಯ ಬಾಯಿಂದ ಹೊರಡುತ್ತಿರಲಿಲ್ಲ. ಪ್ಯಾಸೆಂಜರ್‌ಗಳ ಜೊತೆ ಬೆರಳಲ್ಲಿ, ಹುಬ್ಬಲ್ಲಿ, ಸೀಟಿಯಲ್ಲಿ ಮಾತು. ಹೊಸಬರು ಪಾಪ ಮೂಗಿ ಎಂದುಕೊಳ್ಳುತ್ತಿದ್ದರು. ಹಳಬರಿಗೆ ಗೊತ್ತಿತ್ತು. ಬಾಗೇವಾಡಿಯಲ್ಲಿ ಟೇಲರ್ ಅಂಗಡಿ ಇಟ್ಟುಕೊಂಡಿದ್ದ ರಾಜೇಸಾಬ ಕಾಕಾ ದಿನಾ ತಪ್ಪದೆ, "ಹಿಪ್ಪರಗಿ ಬಂತು ನೋಡ್ರಪಾ, ರೇಡಿಯೋ ಬಂದ್" ಎನ್ನುತ್ತಿದ್ದರು. ಬಸ್ಸೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ. ಆ ರೇಡಿಯೋ ಬಂದ್ ಮಾಡಿದ ಕೈ ನನ್ನದೇ ಎಂದು ಆ ಬಸ್ಸಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅದನ್ನು ಹೇಳುವ ಮುಂಚೆ ಶಿವಲೀಲಾ ಎಂಥವಳು ಎನ್ನುವುದು ನಿಮಗೆ ಗೊತ್ತಾಗಬೇಕು. ಆಕೆ ರೂಲಿನ ಮನುಷ್ಯಳು. ಡಿಪೋದ ನೋಟಿಸ್ ಬೋರ್ಡಿಗೆ ಹಚ್ಚಿದ ಹಾಳೆಯನ್ನು ಕೊನೆಯ ಸಾಲಿನವರೆಗೆ ಓದಿ, ಓದಿದ ಹಾಗೆಯೇ ನಡೆದುಕೊಳ್ಳುವ ಕಂಡಕ್ಟರು ಇಡೀ ಜಿಲ್ಲೆಯಲ್ಲಿ ಅವಳೊಬ್ಬಳೇ ಇದ್ದಿರಬೇಕು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದಮೇಲೆ ಆಧಾರ್ ಕಾರ್ಡು ತೋರಿಸಬೇಕಾಯಿತಷ್ಟೆ. ಹತ್ತು ವರ್ಷದಿಂದ ದಿನಾ ಎರಡು ಹೊತ್ತು ನನ್ನ ಮುಖ ನೋಡುತ್ತಿದ್ದವಳು ನನ್ನ ಮುಂದೆ ನಿಂತು, "ಕಾರ್ಡ್ ತೆಗೀರಿ ಟೀಚರ್ರ" ಎಂದಳು.

"ನಿನಗೇನು ಬುದ್ಧಿ ಐತೇನ ಮಾರಾಯ್ತಿ? ನಾ ಯಾರಂತ ಗೊತ್ತಿಲ್ಲೇನು?"

"ಗೊತ್ತೈತ್ರಿ. ಆದ್ರ ಕಾರ್ಡ್ ನೋಡೋದು ರೂಲ್ ಐತ್ರಿ. ನಿಮ್ಮನ್ನ ನೋಡೋದು ರೂಲ್ ಇಲ್ರಿ."

ತೆಗೆದು ತೋರಿಸಿದೆ. ಮರುದಿನವೂ ಕೇಳಿದಳು. ಅದರ ಮರುದಿನವೂ. ಒಂದು ಸಲ ಸಂತೆಯ ದಿನ ಒಬ್ಬ ಮುದುಕಿ ಚೀಲದೊಳಗೆ ಒಂದು ಹುಂಜ ಮುಚ್ಚಿಕೊಂಡು ಹತ್ತಿದ್ದಳು. ಹುಂಜ ಸುಮ್ಮನಿದ್ದರೆ ಆಗುತ್ತಿತ್ತು, ಅದು ಕೂಗಿತು. ಶಿವಲೀಲಾ ಕೋಳಿಗೆ ಅರ್ಧ ಟಿಕೆಟ್ ಹರಿದಳು. ಮುದುಕಿ ಆಕೆಯ ಏಳು ತಲೆಮಾರಿಗೂ ಶಾಪ ಹಾಕಿದಳು. "ನಾ ಏನ್ ಮಾಡ್ಲಿ ಆಯಿ, ನಿನಗ ಫ್ರೀ ಐತಿ, ಹುಂಜಕ್ಕ ಇಲ್ಲ, ಅದು ಗಂಡ ಐತಲ್ಲ" ಎಂದು ಶಿವಲೀಲಾ ಅಂದಾಗ ಬೈಯುತ್ತಿದ್ದ ಮುದುಕಿಗೂ ನಗು ತಡೆಯಲಾಗಲಿಲ್ಲ. ಬಾಗೇವಾಡಿಯಲ್ಲಿ ಆ ಮುದುಕಿಯ ಜೋಳದ ಚೀಲ ಹೊತ್ತು ಕೆಳಗಿಳಿಸಿದವಳೂ ಆಕೆಯೇ. ಟಿಕೆಟ್ ಮಾತ್ರ ಬಿಡಲಿಲ್ಲ.

ಇಂಥವಳ ಕೈಗೆ ನಾನು ಒಂದು ರೂಲು ಕೊಟ್ಟೆ.

ಬಾಗೇವಾಡಿಯ ಹೊರವಲಯದಲ್ಲಿ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆ ಆಗ ಹೊಸದು. ಎಲ್ಲ ಕಡೆಯೂ ಇಂಗ್ಲಿಷ್ ಮೀಡಿಯಂ ಇರುವಾಗ ನಮ್ಮದು ಬೇರೆ ಎಂದು ತೋರಿಸಬೇಕಲ್ಲ, ಅದಕ್ಕೆ ಹೆಡ್‌ಮಾಸ್ಟರು "ಪೂರ್ಣ ಇಂಗ್ಲಿಷ್ ವಾತಾವರಣ" ಎಂದು ಬೋರ್ಡು ಬರೆಸಿದ್ದರು. ಗೇಟಿನೊಳಗೆ ಕಾಲಿಟ್ಟರೆ ಆಯಾ ಕೂಡ ಇಂಗ್ಲಿಷಿನಲ್ಲೇ ಗದರಬೇಕು. ಆಯಾ "ನೋ ರನ್ನಿಂಗ್, ಬೀಳ್ತೀ" ಎನ್ನುತ್ತಿದ್ದಳು, ಅದು ಬೇರೆ ಮಾತು. ಸುತ್ತಲಿನ ಹಳ್ಳಿಗಳಿಂದ ತಂದೆತಾಯಿಗಳು ಮಕ್ಕಳನ್ನು ಎತ್ತಿಕೊಂಡು ಬಂದು ಸಾಲಾಗಿ ನಿಂತರು. ನಾನು ಅಡ್ಮಿಷನ್ ಟೇಬಲ್ಲಿಗೆ ಕೂತು ಎಲ್ಲರನ್ನೂ ಕೇಳುತ್ತಿದ್ದೆ, ಯಾಕೆ ಇಲ್ಲಿಗೆ ಹಾಕುತ್ತೀರಿ ಎಂದು. ಕಾಳುಕಡಿ ವ್ಯಾಪಾರದ ಒಬ್ಬ ಅಡತಿ ಅಂಗಡಿಯವ, ಅಣ್ಣ ತನ್ನ ಮಕ್ಕಳನ್ನು ಹಾಕಿದ್ದಾನೆ, ನಾವೇನು ಕಡಿಮೆಯೇ ಎಂದ. ಒಬ್ಬ ತಾಯಿ, ಮಗಳು ಟಾಯ್ಲೆಟ್ಟಿಗೆ ಹೋಗುವುದನ್ನೂ ಇಂಗ್ಲಿಷಿನಲ್ಲಿ ಕೇಳಬೇಕು ಎಂದಳು. ಮೊಮ್ಮಗಳನ್ನು ಕರೆತಂದಿದ್ದ ರಾಜೇಸಾಬ ಕಾಕಾ ಹೇಳಿದ್ದು ಇನ್ನೂ ನೆನಪಿದೆ. "ಉರ್ದು ಮನ್ಯಾಗ ಬರ್ತೈತ್ರಿ, ಕನ್ನಡ ಓಣ್ಯಾಗ ಬರ್ತೈತಿ. ಇಂಗ್ಲೀಷ್ ಎಲ್ಲಿ ಸಿಗತೈತಿ? ಅದಕ್ಕ ನಿಮ್ಮ ಹಂತೇಲಿ ಬಂದೇವ್ರಿ." ಅವರು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ?

ಶಿವಲೀಲಾ ಯೂನಿಫಾರ್ಮಿನಲ್ಲೇ ಬಂದಿದ್ದಳು, ಡ್ಯೂಟಿ ನಡುವೆ. ಮಗಳಿಗೆ ಆಗ ನಾಲ್ಕು ವರ್ಷ. ನನ್ನ ಪ್ರಶ್ನೆಗೆ ಅಲ್ಲಿ ಉತ್ತರ ಕೊಡಲಿಲ್ಲ. ಅಂದು ಸಂಜೆ ಹಿಂದಿರುಗುವ ಟ್ರಿಪ್ಪಿನಲ್ಲಿ, ಜನ ಇಳಿದು ಬಸ್ಸು ಖಾಲಿಯಾದಮೇಲೆ, ನನ್ನ ಮುಂದಿನ ಸೀಟಿನಲ್ಲಿ ಅಡ್ಡ ಕೂತು ಹೇಳಿದಳು.

"ಟೀಚರ್ರ, ನಾ ನಾಲತವಾಡ ಸಾಲ್ಯಾಗ ಹತ್ತನೇತ್ತಕ್ಕ ಫಸ್ಟ್ ಬಂದಾಕಿರಿ. ವಿಜ್ಞಾನ ಅಂದ್ರ ನನಗ ನೀರ ಕುಡದಂಗ. ಮಾಸ್ತರ ರಜಾ ಹಾಕಿದ್ರ ನಾನ ಪಾಠ ಮಾಡ್ತಿದ್ದೆ. ನಮ್ಮಪ್ಪ ಖುಷಿಯಿಂದ ಬಿಜಾಪುರಕ್ಕ ನರ್ಸಿಂಗ್ ಕಾಲೇಜಿಗೆ ಹಚ್ಚಿದ. ಒಳಗ ಕುಂತೆ. ಮೇಡಂ ಬಂದ್ಲು, ಒಂದು ತಾಸು ಇಂಗ್ಲೀಷಿನ್ಯಾಗ ಮಾತಾಡಿದ್ಲು, ಹೋದ್ಲು. ಎಲ್ಲಾರೂ ಬರಕೊಂಡ್ರು. ನಾ ಅಕಿ ಬಾಯಿ ನೋಡಕೋಂತ ಕುಂತಿದ್ದೆ. ಒಂದಿನ ರಕ್ತ ಹೆಂಗ ತಿರಗತೈತಿ ಅಂತ ನನ್ನ ಕೇಳಿದ್ಲು. ನನಗ ಗೊತ್ತಿತ್ರಿ! ಹೃದಯದಿಂದ ಹಿಡದು ಎಲ್ಲಾ ಗೊತ್ತಿತ್ತು. ಎದ್ದು ನಿಂತೆ, ಬಾಯಿ ಬರಲಿಲ್ಲ, ಹಂಗ ಕುಂತೆ. ಹುಡುಗ್ಯಾರು ನಕ್ರು."

ಹೆಗಲ ಚೀಲವನ್ನು ತೊಡೆಯ ಮೇಲೆಳೆದುಕೊಂಡು ಚಿಲ್ಲರೆ ಎಣಿಸುತ್ತ ಮುಂದುವರಿಸಿದಳು.

"ಮೂರು ತಿಂಗಳಿಗಿ ಟ್ರಂಕ್ ತಗೊಂಡು ಊರಿಗಿ ಬಂದೆ. ನಾ ಶ್ಯಾಣ್ಯಾಕಿ ಇದ್ದೇರಿ ಟೀಚರ್ರ. ಮೂರು ತಿಂಗಳದಾಗ ದಡ್ಡಿ ಮಾಡಿ ಕಳಿಸಿದ್ರು. ನನ್ನ ಮಗಳು ಹಂಗ ಎದ್ದು ನಿಂತು ಕುಂದರಬಾರದು. ಅಷ್ಟ ನೋಡ್ರಿ ನನ್ನ ಆಶಾ."

ನಾನು ಕೂಡ ಸಿಂದಗಿಯ ಕನ್ನಡ ಶಾಲೆಯಲ್ಲಿ ಕಲಿತವಳೇ. ಇಂಗ್ಲಿಷನ್ನು ರಾಗವಾಗಿ ಓದಲು ಬರುತ್ತಿದ್ದುದರಿಂದ ಈ ಕೆಲಸ ಸಿಕ್ಕಿತ್ತು, ಯಾರಾದರೂ ಎರಡು ಪ್ರಶ್ನೆ ಜಾಸ್ತಿ ಕೇಳಿದರೆ ನಾನೂ ಎದ್ದು ನಿಂತು ಕೂರುವವಳೇ. ಅದನ್ನು ಆಕೆಗೆ ಹೇಳಬಹುದಿತ್ತು. ಹೇಳಲಿಲ್ಲ. "ಚಿಂತಿ ಮಾಡಬ್ಯಾಡ, ನಾವು ಅದೇವಿ" ಎಂದೆ.

ಜೂನ್ ತಿಂಗಳಲ್ಲಿ ಪಾಲಕರ ಸಭೆ ಆಯಿತು. ಹೆಡ್‌ಮಾಸ್ಟರು ಎಲ್ಲಿಂದಲೋ ಇಳಿಸಿಕೊಂಡ ಒಂದು ಹಾಳೆಯನ್ನು ನನ್ನ ಕೈಗಿತ್ತು ಓದಲು ಹೇಳಿದರು. ಉಗುರು ಕತ್ತರಿಸಿ, ಟಿಫಿನ್ನಿನಲ್ಲಿ ಕುರುಕಲು ಹಾಕಬೇಡಿ, ಡೈರಿಗೆ ಸಹಿ ಮಾಡಿ. ಏಳನೆಯದೋ ಎಂಟನೆಯದೋ ಸೂಚನೆ ಹೀಗಿತ್ತು: ಮನೆಯಲ್ಲಿ ಮಗುವಿನ ಕಿವಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬೀಳಬಾರದು, ಇಂಗ್ಲಿಷ್ ಬಾರದ ತಂದೆತಾಯಿ ಮಗುವಿನೆದುರು ಕನ್ನಡ ಆಡುವುದನ್ನಾದರೂ ನಿಲ್ಲಿಸಬೇಕು. ನಾನು ರಾಗವಾಗಿ ಓದಿದೆ, ಆಮೇಲೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಪಾಲಕರೆಲ್ಲ ತಲೆ ಆಡಿಸಿದರು, ಚಹಾ ಕುಡಿದರು, ಮಕ್ಕಳ ಕೈ ಹಿಡಿದು "ನಡಿ ಲಗೂನ, ಹೊತ್ತಾತು" ಎನ್ನುತ್ತ ಗೇಟು ದಾಟಿದರು. ಸಭೆಯ ಮಾತು ಸಭೆಗೆ. ಅದು ಎಲ್ಲರಿಗೂ ಗೊತ್ತಿದ್ದ ವಿಷಯ, ಶಿವಲೀಲಾಗೆ ಮಾತ್ರ ಗೊತ್ತಿರಲಿಲ್ಲ. ಆಕೆ ಟಿಕೆಟ್ ಪುಸ್ತಕದ ಹಿಂದೆ ಅದನ್ನು ಬರೆದುಕೊಂಡಿದ್ದಳು.

ಒಂದು ವಾರ ಕಳೆದಿರಬೇಕು, ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೇಳಿದಳು.

"ಟೀಚರ್ರ, ಭಾಳ ತ್ರಾಸ್ ಆಗಾಕತ್ತೈತ್ರಿ. ನನಗ ಬರೋದ ಹತ್ತಿಪ್ಪತ್ತು ಇಂಗ್ಲೀಷ್ ಮಾತು. ಕಮ್, ಸಿಟ್, ಈಟ್, ಬಾತ್, ಸ್ಲೀಪ್. ಅದು ಮುಗದ ಮ್ಯಾಲ ಏನ್ ಮಾತಾಡ್ಲಿ? ನಮ್ಮ ಮನಿಯವ್ರು ಆಲಮಟ್ಟಿ ಕಾಲುವಿ ಕೆಲಸದಾಗ ಇರ್ತಾರ, ಅವರಂತೂ ರೂಲು ಗೀಲು ಕೇಳಾಂಗಿಲ್ಲ, ಮಗಳ ಜೋಡಿ ಕನ್ನಡದಾಗ ವಟವಟ ಅಂತಾರ. ನಾನರ ಪಾಲಿಸಬೇಕಲ್ರಿ. ನೀವು ನಿಮ್ಮ ಮನ್ಯಾಗ ಹೆಂಗ ಮಾಡ್ತೀರಿ?"

ನನ್ನ ಮಗಳಿಗೆ ಆಗ ಒಂದೂವರೆ ವರ್ಷ. ಅವಳು ಕಲಿತಿದ್ದೇ ಎರಡು ಮಾತು, ಅವ್ವ ಮತ್ತು ಬ್ಯಾಡ. ಶಿವಲೀಲಾ ನನ್ನ ಮುಖವನ್ನೇ ನೋಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ನಮ್ಮ ಶಾಲೆಯ ಇಬ್ಬರು ಪಾಲಕರಿದ್ದರು, ಅವರೂ ಕಿವಿ ಕೊಟ್ಟಿದ್ದರು.

"ಪೂರಾ ಇಂಗ್ಲೀಷ್ ಮಾತಾಡ್ತೇವಿ" ಎಂದೆ. "ಮೊದಮೊದಲು ತ್ರಾಸ್ ಆಗತೈತಿ. ಆಮ್ಯಾಲ ರೂಢಿ ಆಗತೈತಿ."

"ಹಂಗ್ರೀ? ಆತು ಬಿಡ್ರಿ. ನೀವ ಮಾಡ್ತೀರಿ ಅಂದ್ಮ್ಯಾಲ ನಾ ಮಾಡಾಕ ಏನು?" ಎಂದು ಎದ್ದು ಹೋದಳು.

ಆ ಸುಳ್ಳು ಹೇಳಲು ನನಗೆ ಎರಡು ಉಸಿರು ಹಿಡಿಯಿತು. ಶಿವಲೀಲಾ ಅದನ್ನು ಹನ್ನೊಂದು ವರ್ಷ ನಡೆಸಿದಳು. ಹೌದು, ಹನ್ನೊಂದು ವರ್ಷ. ಊಟ ಬಡಿಸಿ "ಈಟ್". ಜ್ವರ ಬಂದರೆ ಹಣೆ ಮುಟ್ಟಿ "ಸ್ಲೀಪ್". ಹಬ್ಬಕ್ಕೆ ಹೊಸ ಫ್ರಾಕು ತಂದರೆ ಮಂಚದ ಮೇಲೆ ಇಟ್ಟು ಬೆರಳು ತೋರಿಸುವುದು. ಕಂಡಕ್ಟರ್ ಕೆಲಸಕ್ಕೆ ಬೇಕಾಗುವ ಇಂಗ್ಲಿಷಿನಲ್ಲಿ ಇರುವುದೆಲ್ಲ ಬಾ, ಹೋಗು, ಕೂಡು, ಇಳಿ, ಮುಂದೆ ನಡಿ. ಅದರಲ್ಲಿ ಮುದ್ದು ಮಾಡುವ ಒಂದು ಮಾತೂ ಇಲ್ಲ. ಆಕೆ ಮಗಳನ್ನು ಬೆಳೆಸಿದ್ದು ಅಷ್ಟರಲ್ಲೇ.

ಸೃಷ್ಟಿ ಓದಿನಲ್ಲಿ ತಾಯಿಯ ಹಾಗೆಯೇ ಚುರುಕು. ಕನ್ನಡ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ, ಅಪ್ಪನಿಂದ, ಓಣಿಯಿಂದ, ಗೆಳತಿಯರಿಂದ ಪಟಪಟ ಕಲಿತಿದ್ದಳು. ಶಾಲೆಯ ರೂಲು ಶಾಲೆಗೇ ಮುಗಿಯುತ್ತದೆ ಎಂದು ಮಕ್ಕಳಿಗೆ ಬೇಗ ತಿಳಿಯುತ್ತದೆ. ಮೂರನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಬಸ್ಸಿನಲ್ಲಿ ನನ್ನ ಸೆರಗು ಜಗ್ಗಿ, ತಾಯಿ ಆ ಕಡೆ ಹೋದದ್ದು ನೋಡಿಕೊಂಡು, ಪಿಸುಗುಟ್ಟಿದಳು.

"ಮಿಸ್, ಬಸ್ ದೂರ ಇದ್ದಾಗ ನಮ್ಮ ಮಮ್ಮಿ ದನಿ ಕೇಳ್ತೈತ್ರಿ. ನಾ ಹತ್ತಿದ ಕೂಡ್ಲೆ ಬಂದ್ ಆಗ್ತೈತಿ. ನನ್ನ ಮ್ಯಾಲ ಸಿಟ್ಟೈತೇನ್ರಿ?"

ಈ ಮಾತಿಗೆ ನಾನು ಏನು ಹೇಳಿದೆ ಗೊತ್ತೇ? ಹುಡುಗಿ ಶಾಲೆಯ ಯೂನಿಫಾರ್ಮಿನಲ್ಲಿದ್ದಾಳೆ, ಶಾಲೆ ಹತ್ತಿರ ಬರುತ್ತಿದೆ. "ಇಂಗ್ಲಿಷಿನಲ್ಲಿ ಕೇಳು" ಎಂದೆ. ಆ ಹುಡುಗಿ ಬಾಯಿ ತೆರೆದು, ಮನಸ್ಸಿನಲ್ಲೇ ಜೋಡಿಸಿಕೊಂಡು, ಆಮೇಲೆ "ನಥಿಂಗ್ ಮಿಸ್" ಎಂದಳು. ಕಿಟಕಿಯ ಕಡೆ ಹೊರಳಿ ಕೂತಳು. ನಾನು ನೋಟ್‌ಬುಕ್ ತಿದ್ದಲು ಕುಳಿತೆ.

ಮತ್ತೆ ಏಳನೆಯ ಇಯತ್ತೆಯಲ್ಲಿ, ನನ್ನ ತಾಯಿ ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ಎಲ್ಲ ಮಕ್ಕಳ ತಾಯಂದಿರೂ ದೇವತೆಗಳಾಗಿದ್ದರು, ರುಚಿಯಾದ ಅಡುಗೆ ಮಾಡುತ್ತಿದ್ದರು, ಗೈಡಿನಲ್ಲಿದ್ದ ಹಾಗೆ. ಸೃಷ್ಟಿ ಗೈಡು ನೋಡದೆ ಬರೆದಿದ್ದಳು. ನನ್ನ ತಾಯಿ ಕಂಡಕ್ಟರ್. ಅವರು ಬಹಳ ಶಿಸ್ತಿನವರು. ಅವರು ಹೆಚ್ಚು ಮಾತಾಡುವವರಲ್ಲ. ಚೊಕ್ಕ ಇಂಗ್ಲಿಷು, ಒಂದೂ ತಪ್ಪಿಲ್ಲ. ನಾನು ಹತ್ತಕ್ಕೆ ಒಂಬತ್ತು ಕೊಟ್ಟೆ. ಮುಂಜಾನೆಯಷ್ಟೇ ಆ ತಾಯಿ ಒಬ್ಬಳ ಬಾಣಂತನದ ಕಥೆಯನ್ನು ಮುದ್ದೇಬಿಹಾಳದಿಂದ ಹಿಪ್ಪರಗಿಯವರೆಗೆ ನಿಲ್ಲಿಸದೆ ಹೇಳಿ ನಮ್ಮ ಕಿವಿ ತೂತು ಮಾಡಿದ್ದಳು. ಆಗಲಾದರೂ ನಾನು ಕರೆದು ಹೇಳಬೇಕಿತ್ತು, ಸಾಕು ಮಾಡು ತಾಯಿ ಎಂದು. ಹೇಳಲಿಕ್ಕೆ ಹೋದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಅದೂ ಅಲ್ಲದೆ ಸೃಷ್ಟಿ ನಮ್ಮ ಶಾಲೆಯ ಮೆರವಣಿಗೆ ಗೊಂಬೆಯಾಗಿದ್ದಳು. ಶಾಲೆಯ ವರ್ಷದ ಗ್ಯಾದರಿಂಗಿನಲ್ಲಿ ಹೆಡ್‌ಮಾಸ್ಟರು ಶಿವಲೀಲಾಳನ್ನು ಸ್ಟೇಜಿಗೆ ಕರೆದು ಶಾಲು ಹೊದಿಸಿದರು. ಸೂಚನೆ ಪಾಲಿಸಿದ ಪಾಲಕರು ಎಂದರೆ ಹೀಗಿರಬೇಕು ಎಂದರು. ಆಕೆಗೆ ಮೈಕು ಕೊಟ್ಟರು. ಮಗಳು ಮುಂದಿನ ಸಾಲಿನಲ್ಲೇ ಕೂತಿದ್ದಳು. ಶಿವಲೀಲಾ ಮೈಕು ಹಿಡಿದು ಮಗಳನ್ನು ನೋಡಿ, "ಥ್ಯಾಂಕ್ಯೂ" ಎಂದು ಕೆಳಗಿಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಹತ್ತನೆಯ ಪರೀಕ್ಷೆ ಮುಗಿದ ಮೇಲೆ ಸೃಷ್ಟಿ ಬಸ್ಸಿಗೆ ಬರುವುದು ನಿಂತಿತು. ಶಿವಲೀಲಾ ಹಿಪ್ಪರಗಿ ದಾಟಿದ ಮೇಲೂ ಮಾತಾಡತೊಡಗಿದಳು. ಒಂದು ಸಂಜೆ ಹಿಂದಿರುಗುವಾಗ ನನ್ನ ಮಗಳ ಫೋನ್ ಬಂತು. ಅವಳಿಗೀಗ ಹದಿಮೂರಾಗುತ್ತ ಬಂದಿತ್ತು. ಒಲೆಯ ಮೇಲೆ ಹಾಲಿಟ್ಟು ಟಿವಿ ನೋಡುತ್ತ ಕೂತು, ಪಾತ್ರೆ ಹತ್ತಿ ಮನೆಯೆಲ್ಲ ಹೊಗೆಯಂತೆ.

"ಏ ಹುಚ್ಚಿ, ಕಣ್ಣು ಎಲ್ಲಿಟ್ಟಿದ್ದಿ? ಬರ್ತೇನಿ ತಾಳು, ಬೆನ್ನು ಬಿಸಿ ಮಾಡ್ತೇನಿ ನಿಂದು" ಎಂದು ಶುರುಮಾಡಿದವಳು, ಆ ಕಡೆ ಅಳು ಕೇಳಿ ಕರಗಿದೆ. "ಹೋಗ್ಲಿ ಬಿಡವ್ವಾ, ಅಳಬ್ಯಾಡ. ಪಾತ್ರಿ ಹೋದ್ರ ಹೋತು. ಕೈ ಸುಟ್ಟಿಲ್ಲಲ್ಲ ನನ್ನ ಬಂಗಾರ? ಕಿಟಕಿ ತಗದು ಹೊರಗ ಕುಂದರು, ನಾ ಈಗ ಬಂದೆ."

ಫೋನ್ ಇಟ್ಟು ತಲೆ ಎತ್ತಿದೆ. ಶಿವಲೀಲಾ ಟಿಕೆಟ್ ಮಷೀನ್ ಹಿಡಿದು ಮುಂದೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನಿಮ್ಮ ಮಗಳೇನ್ರಿ?"

"ಹೌದು."

"ಚಂದ ಮಾತಾಡ್ತೀರಿ ಮಗಳ ಜೋಡಿ" ಎಂದಳು. ನನ್ನ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದಳು. ಅಂದು ಕಾರ್ಡು ಕೇಳಲಿಲ್ಲ.

ಎರಡು ದಿನ ನನ್ನ ಸೀಟಿನ ಹತ್ತಿರ ನಿಲ್ಲಲಿಲ್ಲ. ಮೂರನೆಯ ದಿನ ಬಂದು ಪಕ್ಕದಲ್ಲೇ ಕೂತಳು. ದನಿ ಏರಿಸಲಿಲ್ಲ.

"ಟೀಚರ್ರ, ಒಂದು ಕೇಳ್ತೇನಿ, ಖರೇ ಹೇಳ್ರಿ. ಆ ಮೀಟಿಂಗಿನ್ಯಾಗ ಅಷ್ಟು ಮಂದಿ ಇದ್ರಲ್ಲ. ಅವರೂ ಯಾರೂ ಮಾಡಿಲ್ಲೇನ್ರಿ?"

"ಇಲ್ಲ ಶಿವಲೀಲಾ."

"ರಾಜೇಸಾಬ ಕಾಕಾನ ಮನ್ಯಾಗ?"

"ಅವರ ಮೊಮ್ಮಗಳ ಜೋಡಿ ಅವರು ದಿನಾ ಮಾತಾಡತಾರ."

"ಹೆಡ್‌ಮಾಸ್ತರ?"

"ಅವರೂ ಇಲ್ಲ."

"ನಾ ಒಬ್ಬಾಕಿನ?"

ನಾನು ತಲೆ ಆಡಿಸಿದೆ. ಆಕೆ ಮಷೀನಿನ ಬೆಲ್ಟು ಸರಿಮಾಡಿಕೊಂಡಳು. "ಹಾಳ್ಯಾಗ ಬರದಿತ್ತಲ್ರಿ" ಎಂದಳು. ಆಮೇಲೆ, "ನೀವರ ಮೊದಲ ಹೇಳಬೇಕಿತ್ತು" ಎಂದಳು. ಅಷ್ಟರಲ್ಲಿ ಸ್ಟಾಪು ಬಂತು, ಎದ್ದು ಸೀಟಿ ಊದಿದಳು.

ಬೈದಿದ್ದರೆ ಚೆನ್ನಾಗಿತ್ತು. ಕೋಳಿಗೆ ಟಿಕೆಟ್ ಕೊಟ್ಟಾಗ ಆ ಮುದುಕಿ ಬೈದಳಲ್ಲ, ಹಾಗೆ ಬಸ್ಸೆಲ್ಲ ಕೇಳುವಂತೆ ನನ್ನ ಮಾನ ಹರಾಜು ಹಾಕಬೇಕಿತ್ತು. ಹಾಕಲಿಲ್ಲ. ನನಗೂ ಅಳು ಬರಲಿಲ್ಲ, ಏನೂ ಬರಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟೆ, ಉಂಡೆ, ಮಲಗಿದೆ. ಮರುದಿನ ಮತ್ತೆ ಅದೇ ಬಸ್ಸು ಹತ್ತಿದೆ. ಮನುಷ್ಯರು ನಾಚಿಕೆಯಿಂದ ಸತ್ತುಹೋಗುತ್ತಾರೆ ಎನ್ನುವುದೆಲ್ಲ ಬರೀ ಮಾತು.

ಸೃಷ್ಟಿಗೆ ಒಳ್ಳೆಯ ಮಾರ್ಕ್ಸ್ ಬಂದವು. ವಿಜಯಪುರದ ಕಾಲೇಜೊಂದರಲ್ಲಿ ಸೈನ್ಸ್ ಸೇರಿದಳು, ಹಾಸ್ಟೆಲ್ಲಿನಲ್ಲಿ ಇದ್ದಳು. ಒಂದು ಮಾತು ನ್ಯಾಯವಾಗಿ ಹೇಳಬೇಕು. ಕ್ಲಾಸಿನಲ್ಲಿ ಲೆಕ್ಚರರ್ ಕೇಳಿದರೆ ಮೊದಲು ಎದ್ದು ಉತ್ತರ ಹೇಳುವವಳು ಅವಳೇ ಎಂದು ಕೇಳಿದ್ದೇನೆ. ತಾಯಿ ಬಯಸಿದ್ದು ಆಯಿತು. ರಾಜೇಸಾಬ ಕಾಕಾನ ಮೊಮ್ಮಗಳೂ ಅದೇ ಕ್ಲಾಸಿನಲ್ಲಿ ಹಾಗೆಯೇ ಎದ್ದು ಉತ್ತರ ಹೇಳುತ್ತಾಳೆ.

ಮನೆಯಲ್ಲಿದ್ದಾಗ ಬೆರಳು, ಹುಬ್ಬು ನಡೆಯುತ್ತಿತ್ತು. ಫೋನಿನಲ್ಲಿ ಬೆರಳು ಎಲ್ಲಿ ಕಾಣಬೇಕು? ಒಂದು ಮಧ್ಯಾಹ್ನ ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಶಿವಲೀಲಾ ಮೊಬೈಲ್ ಕಿವಿಗೆ ಹಿಡಿದು ನಿಂತಿದ್ದಳು. "ಹಲೋ" ಎಂದಳು. ಆಮೇಲೆ ಸುಮ್ಮನೆ. ಬಾಯಿ ತೆರೆಯುವುದು, ಮುಚ್ಚುವುದು. ನನ್ನನ್ನು ಕಂಡದ್ದೇ ಮೊಬೈಲ್ ಕೈಗೆ ತುರುಕಿದಳು.

"ನೀವ ಕೇಳ್ರಿ. ಊಟ ಆತೇನಂತ ಕೇಳ್ರಿ."

"ನೀನೇ ಕೇಳ ಮಾರಾಯ್ತಿ. ಈಗ ಯಾವ ರೂಲೂ ಇಲ್ಲ."

"ಬಾಯಿ ಬರವಲ್ದ್ರಿ ಟೀಚರ್ರ. ಆಕಿ ದನಿ ಕೇಳಿದ್ರ ಗಂಟಲಾಗ ಎಲ್ಲಾ ಬಂದ್ ಆಗತೈತಿ. ಕೇಳ್ರಿ ಲಗೂನ, ಫೋನ್ ಇಟ್ಟಾಳ."

ಕೇಳಿದೆ. ಆಯಿತಂತೆ ಎಂದೆ. ಏನು ಪಲ್ಯ ಎಂದು ಕೇಳಿಸಿದಳು. ಬದನೆಕಾಯಿ ಎಂದೆ. ಆಕಿಗೆ ಬದ್ನಿಕಾಯಿ ಸೇರಾಂಗಿಲ್ಲ, ಉಂಡಾಳೋ ಇಲ್ಲೋ ಕೇಳ್ರಿ ಎಂದಳು. ಕೇಳಿದೆ. ಹೀಗೆ ಕಾಲು ತಾಸು, ತಾಯಿಯ ಕನ್ನಡವನ್ನು ಮಗಳಿಗೆ ಕನ್ನಡದಲ್ಲಿ, ಮಗಳ ಕನ್ನಡವನ್ನು ತಾಯಿಗೆ ಕನ್ನಡದಲ್ಲಿ ಮುಟ್ಟಿಸುತ್ತ ಬಿಸಿಲಲ್ಲಿ ನಿಂತಿದ್ದೆ. ಹಣ್ಣಿನ ಗಾಡಿಯವನು ನಮ್ಮಿಬ್ಬರನ್ನೂ ಹುಚ್ಚಿಯರೆಂದುಕೊಂಡಿರಬೇಕು. ಆ ಮೇಲೆ ಅದು ವಾರಕ್ಕೆರಡು ಸಲದ ಕೆಲಸವಾಯಿತು. ನಾನು ಒಮ್ಮೆಯೂ ಇಲ್ಲ ಎನ್ನಲಿಲ್ಲ. ಅದರಿಂದ ನನ್ನ ತಪ್ಪು ಸ್ವಲ್ಪ ಕರಗಬಹುದು ಎಂಬ ಆಸೆ ಇತ್ತು, ಕರಗಲಿಲ್ಲ.

ಕಳೆದ ವರ್ಷ ಆಕೆಗೆ ಇಂಡಿ ಡಿಪೋಕ್ಕೆ ವರ್ಗವಾಯಿತು. ಕೊನೆಯ ಡ್ಯೂಟಿಯ ದಿನ ಬಾಗೇವಾಡಿಯಲ್ಲಿ ಬಸ್ಸು ಹೊರಡಲು ಹತ್ತು ನಿಮಿಷ ಇತ್ತು. ನನ್ನ ಪಕ್ಕ ಬಂದು ಕೂತಳು. ಹೊಸ ಡಿಪೋದ ಮ್ಯಾನೇಜರು ಹೇಗಂತೆ, ಇಂಡಿಯಲ್ಲಿ ಬಾಡಿಗೆ ಮನೆ ಸಿಕ್ಕಿತು, ನಿಂಬೆಹಣ್ಣಿಗೆ ಬರ ಇಲ್ಲ, ನಿಮಗೊಂದು ಚೀಲ ಕಳಿಸುತ್ತೇನೆ ಎಂದೆಲ್ಲ ಹೇಳಿದಳು. ಕೊನೆಗೆ ತಾನೇ ಆ ಮಾತು ತೆಗೆದಳು.

"ಮೊನ್ನೆ ಕಾಲೇಜಿಗೆ ಸೂಟಿ ಅಂತ ಮನಿಗಿ ಬಂದಿದ್ಲುರಿ ಸೃಷ್ಟಿ. ಮೂರು ದಿನ ಮನಸಿನ್ಯಾಗ ಬಾಯಿಪಾಠ ಮಾಡಕೊಂಡು, ಆಕಿನ್ನ ಎದುರಿಗೆ ಕುಂದ್ರಿಸಿ ಎಲ್ಲಾ ಹೇಳಿಬಿಟ್ಟೆ. ಕಾಲೇಜು ಬಿಟ್ಟು ಬಂದದ್ದು, ಆ ಹಾಳಿ ಓದಿದ್ದು, ನಾ ಯಾಕ ಮಾತಾಡ್ಲಿಲ್ಲಂತ, ಎಲ್ಲಾ. ನಿನ್ನ ಮ್ಯಾಲ ಸಿಟ್ಟಿದ್ದಿಲ್ಲವ್ವಾ ಅಂತನೂ ಹೇಳಿದೆ. ಕನ್ನಡದಾಗ ರಿ, ಒಂದ ದಮ್ಮಿಗಿ."

"ನನ್ನ ಹೆಸರು ಹೇಳಿದೆಯಾ?"

"ಇಲ್ರಿ. ನಿಮ್ಮ ಹೆಸರು ಯಾಕ?"

ನನಗೆ ಆಕೆಯ ಮುಖ ನೋಡಲಾಗಲಿಲ್ಲ. "ಸೃಷ್ಟಿ ಏನಂದಳು?" ಎಂದು ಕೇಳಿದೆ.

"ಪಾಪ, ಪೂರಾ ಕೇಳಿದ್ಲುರಿ. ನಡುವ ಬಾಯಿ ಹಾಕಲಿಲ್ಲ. ಎಲ್ಲಾ ಮುಗದ ಮ್ಯಾಲ 'ಓಕೆ ಮಮ್ಮಿ' ಅಂದ್ಲು."

"ಮತ್ತ?"

"ಮತ್ತೇನಿಲ್ರಿ. ತಾಟು ತೊಳದಿಟ್ಟು ಓದಾಕ ಕುಂತ್ಲು."

ಡ್ರೈವರ್ ಹಾರ್ನ್ ಹಾಕಿದ. ಶಿವಲೀಲಾ ಎದ್ದು ಬಾಗಿಲಿಗೆ ಹೋಗಿ, "ಹಿಪ್ಪರಗಿ, ಮುದ್ದೇಬಿಹಾಳ, ಹತ್ತ್ರಿ ಹತ್ತ್ರಿ" ಎಂದು ಬಸ್‌ಸ್ಟ್ಯಾಂಡೆಲ್ಲ ಕೇಳುವ ಹಾಗೆ ಕೂಗಿದಳು.

ಈಗ ಅದೇ ಬಸ್ಸಿಗೆ ಬೇರೆ ಕಂಡಕ್ಟರ್ ಬರುತ್ತಾನೆ. ಕಾರ್ಡು ಕೇಳುವುದಿಲ್ಲ, ಮುಖವನ್ನೂ ನೋಡುವುದಿಲ್ಲ. ಶಿವಲೀಲಾಳ ನಂಬರು ನನ್ನ ಮೊಬೈಲಿನಲ್ಲಿದೆ. ಎಷ್ಟೋ ಸಲ ತೆಗೆದಿದ್ದೇನೆ, ಫೋನ್ ಮಾತ್ರ ಹಚ್ಚಿಲ್ಲ. ಹಚ್ಚಿದರೆ ಆಕೆ ಎತ್ತುತ್ತಾಳೆ, ಎತ್ತಿದ ಕೂಡಲೇ, ಮಗಳ ಫೋನಿಗೆ ಬಾಯಿ ಬಾರದವಳು, ಇಂಡಿಯ ಸುದ್ದಿಯೆಲ್ಲ ಹೇಳುತ್ತ ತಾಸುಗಟ್ಟಲೆ ನನ್ನ ಜೊತೆ ಮಾತಾಡುತ್ತಾಳೆ. ಅದನ್ನು ಕೇಳುವ ಧೈರ್ಯ ನನಗಿಲ್ಲ.